ಮಂಡಿ ಆಪರೇಷನ್: ನೆಟ್ಟಿನಲ್ಲಿ ಓದಿದ್ದನ್ನು ಎಷ್ಟು ನಂಬಬೇಕು?

ಪ್ರಶ್ನೆ: ಅಮ್ಮನಿಗೆ 67 ವರ್ಷ. ಎರಡೂ ಮಂಡಿ ಸವೆದಿವೆ, ಕೀಲು ಬದಲಿಸಬೇಕು ಅಂದಿದ್ದಾರೆ ಡಾಕ್ಟರು. ನೆಟ್ಟಿನಲ್ಲಿ ನೋಡಿದರೆ ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ. ಯಾವುದನ್ನು ನಂಬಬೇಕು?
– ಓದುಗರೊಬ್ಬರು, ಹಾವೇರಿ

ಉತ್ತರ: ಓದಲು ಶುರು ಮಾಡುವ ಮೊದಲೇ ಪುಟದ ಕೆಳತುದಿಗೆ ಹೋಗಿ. ಬರೆದವರು ಯಾರು, ಅವರ ಓದು ಏನು, ಕೊನೆಯ ಸಲ ಯಾವಾಗ ತಿದ್ದಿದ್ದಾರೆ, ದುಡ್ಡು ಯಾರದು ಎಂಬ ನಾಲ್ಕು ವಿವರ ಅಲ್ಲಿರಬೇಕು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತಾಣದಲ್ಲಿ ಪುಟವನ್ನು ಪರಿಶೀಲಿಸಿದ ದಿನಾಂಕ ಇರುತ್ತದೆ. ನಮ್ಮಲ್ಲಿ ಬಹಳಷ್ಟು ಆಸ್ಪತ್ರೆಗಳ ಪುಟದಲ್ಲಿ ದಿನಾಂಕವೂ ಇಲ್ಲ, ಬರೆದವರ ಹೆಸರೂ ಇಲ್ಲ, ‘ಅಪಾಯಿಂಟ್‌ಮೆಂಟ್ ಬುಕ್ ಮಾಡಿ’ ಎಂಬ ಬಟನ್ ಮಾತ್ರ ಎರಡು ಮೂರು ಕಡೆ ಇರುತ್ತದೆ.

ಇಂಥ ಬರಹಗಳನ್ನು ಅಳೆಯಲು ‘ಡಿಸ್ಕರ್ನ್’ ಎಂಬ ಪ್ರಶ್ನಾವಳಿ ಇದೆ. ಆಕ್ಸ್‌ಫರ್ಡ್‌ನಲ್ಲಿ ತಯಾರಾದದ್ದು, 16 ಪ್ರಶ್ನೆ, ಒಂದೊಂದಕ್ಕೂ 1ರಿಂದ 5 ಅಂಕ. ಎಲ್ಲವನ್ನೂ ಹಾಕಿ ಕೂಡಿಸುವ ಗೋಜು ನಿಮಗೆ ಬೇಡ. ಅದರಲ್ಲಿ ಮೂರು ಸಾಕು: ಆಪರೇಷನ್ನಿನ ಅಪಾಯ ಹೇಳಿದ್ದಾರೆಯೇ? ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ ಅಂತ ಹೇಳಿದ್ದಾರೆಯೇ? ಬೇರೆ ದಾರಿಗಳನ್ನು, ಅಂದರೆ ತೊಡೆಯ ಸ್ನಾಯುವಿನ ವ್ಯಾಯಾಮ, ತೂಕ ಇಳಿಸುವುದು, ನೋವಿನ ಮಾತ್ರೆ, ಇಂಜೆಕ್ಷನ್, ಅರ್ಧ ಕೀಲು ಬದಲಿಕೆ (ಸವೆದ ಭಾಗವನ್ನಷ್ಟೇ ಬದಲಿಸುವುದು), ಇವನ್ನು ಹೆಸರಿಸಿದ್ದಾರೆಯೇ? ಮೂರಕ್ಕೂ ‘ಇಲ್ಲ’ ಎಂದಾದರೆ ಅದು ಜಾಹೀರಾತು. ಓದಬೇಡಿ ಅಂತಲ್ಲ, ಜಾಹೀರಾತು ಅಂತ ತಿಳಿದೇ ಓದಿ.

ಸರಿಯಾದ ಪುಟದಲ್ಲಿ ಇಷ್ಟಾದರೂ ಇರುತ್ತದೆ: ಇಡೀ ಮಂಡಿಯನ್ನು ಕಿತ್ತು ಹಾಕುವುದಿಲ್ಲ. ತೊಡೆಮೂಳೆಯ ತುದಿಯಿಂದ, ಕೆಳಗಿನ ಕಾಲುಮೂಳೆಯ ತಲೆಯಿಂದ ಸುಮಾರು 8–10 ಮಿ.ಮೀ. ಕತ್ತರಿಸಿ, ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆ ಇಡುತ್ತಾರೆ. ಸೋಂಕು ಆಗುವುದು 100 ಜನರಲ್ಲಿ 1–2 ಜನರಿಗೆ. ಐದರಲ್ಲಿ ಒಬ್ಬರಿಗೆ ಆಪರೇಷನ್ ಆದ ಮೇಲೂ ಪೂರ್ತಿ ಸಮಾಧಾನ ಇರುವುದಿಲ್ಲ. ಈ ಕೊನೆಯ ಮಾತನ್ನು ಬರೆಯುವ ಆಸ್ಪತ್ರೆ ಅಪರೂಪ. ಬರೆದಿದ್ದರೆ ಆ ಪುಟದ ಉಳಿದ ಮಾತಿಗೂ ಬೆಲೆ ಕೊಡಬಹುದು.

ಹೊರದೇಶದ ಒಳ್ಳೆಯ ತಾಣಗಳಲ್ಲೂ ನಮಗೆ ಬೇಕಾದ ಒಂದು ವಿಷಯ ಸಿಗುವುದು ಕಷ್ಟ: ನೆಲದ ಮೇಲೆ ಕೂರುವುದು. ಬದಲಿಸಿದ ಕೀಲು ಸಾಮಾನ್ಯವಾಗಿ 110–120 ಡಿಗ್ರಿ ಮಡಚುತ್ತದೆ. ಕುರ್ಚಿಗೆ, ಮೆಟ್ಟಿಲಿಗೆ ಅದು ಧಾರಾಳ. ಕುಕ್ಕರುಗಾಲಲ್ಲಿ ಕೂರಲು 130 ಡಿಗ್ರಿಗಿಂತ ಹೆಚ್ಚು ಬೇಕು. ಹಾಗಾಗಿ ನಿಮ್ಮ ತಾಯಿಯವರು ಆಸ್ಪತ್ರೆ ಸೇರುವ ಮೊದಲೇ ಮನೆಯಲ್ಲಿ ಕಮೋಡ್ ಹಾಕಿಸಿ. ಪೂಜೆಗೆ ನೆಲದ ಮೇಲೆ ಕೂರುವವರಾದರೆ ಆ ಮಾತನ್ನು ಸರ್ಜನ್ ಹತ್ತಿರ ಈಗಲೇ ಎತ್ತಿ.

ಪ್ರಶ್ನೆ: ‘ರೋಬೋಟ್ ಆಪರೇಷನ್, ಅದೇ ದಿನ ನಡೆಯಬಹುದು, ಜೀವನಪೂರ್ತಿ ಬಾಳಿಕೆ’ ಅಂತ ಒಂದು ವಿಡಿಯೋದಲ್ಲಿ ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಅದೇ ದಿನ ಅಥವಾ ಮಾರನೇ ದಿನ ವಾಕರ್ ಹಿಡಿಸಿ ನಡೆಸುವುದು ಈಗ ಎಲ್ಲ ಕಡೆಯ ಪದ್ಧತಿ, ಅದಕ್ಕೆ ರೋಬೋಟ್ ಬೇಕಿಲ್ಲ. ಯಂತ್ರವು ಮೂಳೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಲು ನೆರವಾಗುತ್ತದೆ, ಆಪರೇಷನ್ ಮಾಡುವವರು ಸರ್ಜನ್ನೇ. ಅದರಿಂದ ಕೀಲು ಹೆಚ್ಚು ವರ್ಷ ಬಾಳುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಬಾಳಿಕೆಯ ಲೆಕ್ಕ ಬೇಕಾದರೆ 2019ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು ಇದೆ: 25 ವರ್ಷದ ನಂತರವೂ ನೂರರಲ್ಲಿ ಸುಮಾರು 82 ಪೂರ್ಣ ಮಂಡಿ ಕೀಲುಗಳು ಮತ್ತೆ ಬದಲಿಸದೆ ಇದ್ದ ಹಾಗೇ ಇದ್ದವು. ಒಳ್ಳೆಯ ಅಂಕಿಯೇ, ಆದರೆ 50ನೇ ವಯಸ್ಸಿಗೇ ಮಾಡಿಸಿಕೊಳ್ಳುವವರು ಉಳಿದ 18ನ್ನೂ ಗಮನಿಸಬೇಕು.

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ರೋಗಿಗಳಿಗಾಗಿ ಕನ್ನಡದಲ್ಲಿ ಮಾಹಿತಿ ಪುಟ ಬರೆದೆ. ‘ರೀಡಬಿಲಿಟಿ’ (ಓದಲು ಎಷ್ಟು ಸುಲಭ ಎಂಬುದು) ಅಳೆಯುವ ತಾಣದಲ್ಲಿ ಹಾಕಿದರೆ ‘ಅತಿ ಕಠಿಣ’ ಅಂತ ಬರುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆ ತಾಣವನ್ನು ಮರೆತುಬಿಡಿ. ಅದರ ಹಿಂದಿರುವುದು ಇಂಗ್ಲಿಷಿಗೆಂದೇ ಕಟ್ಟಿದ ಫ್ಲೆಶ್ ಸೂತ್ರ: 206.835ರಿಂದ, ವಾಕ್ಯಕ್ಕೆಷ್ಟು ಪದ ಎಂಬುದನ್ನು 1.015ರಿಂದ ಗುಣಿಸಿ ಕಳೆಯಬೇಕು, ಪದಕ್ಕೆಷ್ಟು ಉಚ್ಚಾರದ ತುಂಡು ಎಂಬುದನ್ನು 84.6ರಿಂದ ಗುಣಿಸಿ ಮತ್ತೆ ಕಳೆಯಬೇಕು. 60ರ ಮೇಲೆ ಬಂದರೆ ಸರಳ. ‘ಅಮ್ಮ ಮನೆಯಲ್ಲಿ ಊಟ ಮಾಡಿದಳು’ ಎಂಬುದನ್ನೇ ಹಾಕಿ ನೋಡಿ: 4 ಪದ, 12 ಉಚ್ಚಾರದ ತುಂಡು, ಬರುವ ಅಂಕ ಮೈನಸ್ 51! ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಒಂದನೇ ಕ್ಲಾಸಿನ ವಾಕ್ಯವೂ ಅಲ್ಲಿ ಫೇಲು.

ರೋಗಿಗಳಿಗೆ ಕೊಡುವ ಬರಹ 6ನೇ ತರಗತಿಯವರಿಗೆ ಅರ್ಥವಾಗುವಂತಿರಲಿ ಎಂಬ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಸಲಹೆಯನ್ನು ಮಾತ್ರ ಇಟ್ಟುಕೊಳ್ಳಿ. ಕನ್ನಡದಲ್ಲಿ ತೊಡಕಾಗುವುದು ಬೇರೆ ಕಡೆ. ಇಂಥ ಪುಟಗಳಲ್ಲಿ ಕಾಣುವ ಧಾಟಿ ಇದು: ‘ಶಸ್ತ್ರಚಿಕಿತ್ಸೆಯ ನಂತರ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಸಂಭಾವ್ಯತೆಯನ್ನು ತಗ್ಗಿಸಲು ಶೀಘ್ರ ಚಲನೆಯನ್ನು ಪ್ರೋತ್ಸಾಹಿಸಲಾಗುತ್ತದೆ.’ ಯಾರು ಏನು ಮಾಡಬೇಕು ಅಂತ ಇದರಲ್ಲಿ ಇಲ್ಲವೇ ಇಲ್ಲ. ಹೀಗೆ ಬರೆಯಿರಿ: ‘ಆಪರೇಷನ್ ಆದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೇ ನಿಮ್ಮನ್ನು ಬೇಗ ಎಬ್ಬಿಸಿ ನಡೆಸುತ್ತೇವೆ. ಮೀನಖಂಡ ಊದಿ ನೋವು ಬಂದರೆ ಅಂದೇ ಆಸ್ಪತ್ರೆಗೆ ಬನ್ನಿ. ಎದೆ ನೋವು ಬಂದರೆ, ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಿ.’

ಶೇಕಡಾ ಲೆಕ್ಕ ಬೇಡ, ‘100 ಜನರಲ್ಲಿ ಇಬ್ಬರಿಗೆ’ ಅನ್ನಿ. ಅಕ್ಷರ ದೊಡ್ಡದಿರಲಿ, ಓದುವವರಲ್ಲಿ ಹೆಚ್ಚಿನವರಿಗೆ ಕನ್ನಡಕ ಇರುತ್ತದೆ. ಆಮೇಲೆ ವಾರ್ಡಿನಲ್ಲಿರುವ ನಾಲ್ಕೈದು ರೋಗಿಗಳಿಗೆ ಓದಲು ಕೊಟ್ಟು, ‘ಮನೆಗೆ ಹೋದ ಮೇಲೆ ಏನು ಮಾಡ್ತೀರಿ, ಹೇಳಿ’ ಅಂತ ಕೇಳಿ. ‘ಅರ್ಥವಾಯ್ತಾ?’ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲನ್ನು ತಿದ್ದಿ.

ಪ್ರಶ್ನೆ: ಕೀಲಿನ ಬೆಲೆಗೆ ಸರ್ಕಾರದ ಮಿತಿ ಇದೆಯಂತೆ. ನೆಟ್ಟಿನಲ್ಲಿ ಬೇರೆ ಬೇರೆ ದರ ಇದೆ.
– ಓದುಗರೊಬ್ಬರು, ಧಾರವಾಡ

ಉತ್ತರ: ಮಿತಿ ಇದೆ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ದರ ಪ್ರಾಧಿಕಾರವು ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಮಂಡಿ ಕೀಲಿಗೆ ಜಿಎಸ್‌ಟಿ ಬಿಟ್ಟು 54,720 ರೂ. ನಿಗದಿ ಮಾಡಿತು. ಆಮೇಲೆ ದರ ಪರಿಷ್ಕರಣೆ ಆಗಿದೆ, ಹಳೆಯ ಪುಟಗಳಲ್ಲಿ ಹಳೆಯ ಅಂಕಿಯೇ ಕೂತಿದೆ. ಆದ್ದರಿಂದ ಪ್ರಾಧಿಕಾರದ ತಾಣದಲ್ಲೇ ಇಂದಿನ ದರ ನೋಡಿ. ಇದು ಕೀಲಿನ ಬೆಲೆ ಮಾತ್ರ. ಸರ್ಜನ್, ಅರಿವಳಿಕೆ, ರೂಮು, ಫಿಸಿಯೋ ಖರ್ಚು ಬೇರೆ, ‘ಪ್ಯಾಕೇಜ್’ ಅಂದಾಗ ಇವನ್ನೆಲ್ಲ ಬಿಡಿಸಿ ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಕೀಲಿನ ಬ್ರ್ಯಾಂಡು, ತಯಾರಕರು, ಬ್ಯಾಚ್ ನಂಬರ್ ಪ್ರತ್ಯೇಕವಾಗಿ ಇರಬೇಕು. ಕೀಲಿನ ಡಬ್ಬಿಯ ಸ್ಟಿಕ್ಕರ್ ಪ್ರತಿಯನ್ನೂ ಕೇಳಿ ಪಡೆದು ಫೈಲಿನಲ್ಲಿಡಿ. 2010ರಲ್ಲಿ ಡಿಪ್ಯೂ ಕಂಪನಿ ಎಎಸ್‌ಆರ್ ಎಂಬ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿಕೊಂಡಿತ್ತು. ಅಂಥ ಸಂದರ್ಭದಲ್ಲಿ ನಿಮ್ಮ ಕಾಲಿನಲ್ಲಿರುವುದು ಯಾವುದು ಎಂದು ತಿಳಿಯಲು ಆ ಸ್ಟಿಕ್ಕರ್ ಬೇಕಾಗುತ್ತದೆ.