ಮೂರು ಬ್ರೋಕರ್, ಮೂರು ದರ

ಪ್ರಶ್ನೆ: ತಾಮ್ರದ ಗಣಿ ಕಂಪನಿಯೊಂದರ ಷೇರು ನನ್ನ ಹತ್ತಿರ ಇದೆ. ಮುಂದಿನ ವರ್ಷದ ತಾಮ್ರದ ದರ ಇಷ್ಟಿರುತ್ತೆ ಅಂತ ಮೂರು ಬ್ರೋಕರ್‌ಗಳು ಮೂರು ಥರ ಹೇಳುತ್ತಾರೆ. ಸರಾಸರಿ ತೆಗೆದುಕೊಂಡರೆ ಸರಿಹೋಗುತ್ತಾ? ಮೂರೂ ವರದಿಗಳ ಮೊದಲ ಪುಟ ಜೊತೆಗಿಟ್ಟಿದ್ದೇನೆ.

ಉತ್ತರ: ಮೂವರೂ ನೋಡುವುದು ಅದೇ ದಾಸ್ತಾನಿನ ಲೆಕ್ಕ, ಅದೇ ಇವತ್ತಿನ ದರ. ತಪ್ಪಿದರೆ ಮೂವರೂ ಸಾಮಾನ್ಯವಾಗಿ ಒಂದೇ ಕಡೆಗೆ ತಪ್ಪುತ್ತಾರೆ. ಸರಾಸರಿ ಅಲ್ಲೇನು ಮಾಡೀತು?

ನನ್ನದೇ ಕಥೆ ಕೇಳಿ. 2022ರ ಕೊನೆಯಲ್ಲಿ ಒಂದು ಲಿಥಿಯಂ ಗಣಿಯ ಷೇರು ಕೊಂಡೆ. ಆಗ ಚೀನಾದಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ ಹತ್ತಿರ ಹತ್ತಿರ 6 ಲಕ್ಷ ಯುವಾನ್. ‘ದರ ಸ್ವಲ್ಪ ತಣ್ಣಗಾಗಬಹುದು’ ಅಂತ ಬ್ರೋಕರ್ ವರದಿಯಲ್ಲಿತ್ತು. 2024 ಬರುವಷ್ಟರಲ್ಲಿ ಅದು 1 ಲಕ್ಷದ ಆಸುಪಾಸಿಗೆ ಬಂದಿತ್ತು. ಆ ವರದಿ ಇನ್ನೂ ನನ್ನ ಬೀರುವಿನಲ್ಲಿದೆ. ‘ತಣ್ಣಗಾಗಬಹುದು’ ಅನ್ನುವ ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ ‘ಪರವಾಗಿಲ್ಲ’ ಅಂತ ಬರೆದಿದ್ದೇನೆ. ನನ್ನದೇ ಕೈಬರಹ!

ಹಾಗಂತ ಎಲ್ಲರೂ ಸುಮ್ನೆ ಆಸೆ ಹುಟ್ಟಿಸುತ್ತಾರೆ ಅನ್ನಲಾರೆ. 2003ರ ಆರಂಭದಲ್ಲಿ ಟನ್ನಿಗೆ 2,000 ಡಾಲರ್ ಕೂಡ ಇಲ್ಲದ ತಾಮ್ರ 2006ರ ಮೇ ತಿಂಗಳಲ್ಲಿ 8,000 ದಾಟಿತು. ಆ ಏರಿಕೆಯಲ್ಲಿ ಹೆಚ್ಚಿನ ಅಂದಾಜುಗಳು ನಿಜವಾದ ದರಕ್ಕಿಂತ ಕೆಳಗೇ ಉಳಿದವು. ನಂಬಿ ಮಾರಿದವರೂ ಕೈ ಹಿಸುಕಿಕೊಂಡರು.

ಗಣಿ ಷೇರಿನಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಉದಾಹರಣೆಗೆ, ಒಂದು ಟನ್ ತಾಮ್ರ ತೆಗೆಯಲು 6,000 ಡಾಲರ್ ಖರ್ಚು, ಮಾರುವ ದರ 9,000 ಅಂದುಕೊಳ್ಳಿ. ಉಳಿಯುವುದು 3,000. ದರ 7,500ಕ್ಕೆ ಇಳಿದರೆ ಉಳಿಯುವುದು 1,500. ದರ ಕಡಿಮೆಯಾದದ್ದು ಆರರಲ್ಲಿ ಒಂದು ಪಾಲು, ಲಾಭ ಮಾತ್ರ ಅರ್ಧಕ್ಕರ್ಧ ಹೋಯಿತು. ಷೇರಿನ ಟಾರ್ಗೆಟ್, ಅಂದರೆ ಷೇರು ಇಷ್ಟಕ್ಕೆ ಹೋದೀತು ಅಂತ ಬ್ರೋಕರ್ ಹೇಳುವ ಬೆಲೆ, ನಿಂತಿರುವುದೇ ಈ ದರದ ಮೇಲೆ ಅಲ್ವಾ? ವರದಿಯ ಕೋಷ್ಟಕದಲ್ಲಿ ‘ದೀರ್ಘಾವಧಿ ದರ’ (ಮುಂದಿನ ಹಲವು ವರ್ಷಕ್ಕೆ ಅಂದಾಜಿಸಿದ ತಾಮ್ರದ ದರ) ಅಂತ ಒಂದು ಸಾಲು ಇದೆಯೇ ಹುಡುಕಿ. ಅದನ್ನು ಒಂಚೂರು ಮೇಲೆ ಕೆಳಗೆ ಮಾಡಿದರೆ ಟಾರ್ಗೆಟ್ಟೂ ಕುಣಿಯುತ್ತದೆ.

ನಾನೀಗ ಟಾರ್ಗೆಟ್ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡೇ ವರದಿ ಓದುತ್ತೇನೆ. ಟನ್ನಿಗೆ ಖರ್ಚೆಷ್ಟು, ಸಾಲ ಯಾವ ವರ್ಷ ತೀರಿಸಬೇಕು, ಅದಿರಿನ ಗುಣಮಟ್ಟ ಇಳಿಯುತ್ತಿದೆಯಾ ಅಂತ ನೋಡುತ್ತೇನೆ. ಇಂಥ ವಿಷಯದಲ್ಲಿ ಬ್ರೋಕರ್ ವರದಿ ನಿಜಕ್ಕೂ ಉಪಯೋಗದ್ದು, ಗಣಿಗೇ ಹೋಗಿ ನೋಡಿ ಬರೆಯುವವರೂ ಇದ್ದಾರೆ. ಆಮೇಲೆ ಕಳೆದ ಹತ್ತು ವರ್ಷದ ಅತಿ ಕಡಿಮೆ ದರ ಹಾಕಿ ಲೆಕ್ಕ ಮಾಡುತ್ತೇನೆ. ಆ ದರದಲ್ಲೂ ಸಾಲದ ಕಂತು ಕಟ್ಟುವ ಕಂಪನಿಯಾದರೆ ಮಾತ್ರ ಮುಂದಿನ ಪುಟ. ಕೊನೆಯ ಪುಟದ ಸಣ್ಣ ಅಕ್ಷರಗಳನ್ನೂ ಬಿಡಬೇಡಿ. ಅದೇ ಕಂಪನಿಯ ಹೊಸ ಷೇರು ಮಾರಿಕೊಟ್ಟು ಬ್ರೋಕರ್ ಶುಲ್ಕ ಪಡೆದಿದ್ದರೆ ಅಲ್ಲಿ ಬರೆದಿರುತ್ತದೆ.

ನೀವು ಕಳಿಸಿದ ಮೊದಲ ಪುಟಗಳಲ್ಲಿ ಇದ್ಯಾವುದೂ ಇಲ್ಲ, ಟಾರ್ಗೆಟ್ ಮಾತ್ರ ದಪ್ಪಕ್ಷರದಲ್ಲಿದೆ. ಖರ್ಚಿನ ಪುಟ ಸಿಕ್ಕರೆ ಕಳಿಸಿ, ಲೆಕ್ಕ ಹಾಕಿ ನೋಡೋಣ.