ಎಲ್ಲಿ ನಡೆಯೋದು, ಸ್ವಾಮಿ?

ಓದುಗರ ಪತ್ರ:

"ಸಂಪಾದಕರೇ, ಹಿಂದಿನ ಸಂಚಿಕೆಯ ಆರೋಗ್ಯ ಪುಟದಲ್ಲಿ 'ಅರವತ್ತು ದಾಟಿದವರು ದಿನಾ ಅರ್ಧ ಗಂಟೆ ನಡೆಯಿರಿ' ಅಂತ ಬರೆದಿದ್ದಿರಿ. ಅದನ್ನು ಓದಿದ ಮೂರನೇ ದಿನ ನನ್ನ ಹೆಂಡತಿ ನಮ್ಮ ಬೀದಿಯ ಫುಟ್‌ಪಾತಿನ ಮೇಲೆ ಎಡವಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಎಲ್ಲಿ ನಡೆಯೋದು, ಸ್ವಾಮಿ? ಫುಟ್‌ಪಾತಿನ ವ್ಯಾಪಾರಿಗಳನ್ನೆಲ್ಲ ಎಬ್ಬಿಸಿ ಅಂತ ಬರೆಯಿರಿ. ಅದು ಆಗದಿದ್ದರೆ ಮುದುಕರಿಗೆ ಅಂತ ಊರಾಚೆ ಒಂದು ಬೇರೆ ಬಡಾವಣೆ ಕಟ್ಟಲಿ, ಅಲ್ಲಿ ಹೋಗಿ ಬಿದ್ದಿರುತ್ತೇವೆ. ಈ ಪತ್ರಕ್ಕೆ ಉತ್ತರ ಬರದಿದ್ದರೆ ಚಂದಾ ನಿಲ್ಲಿಸುತ್ತೇನೆ."

ನಿವೃತ್ತ ಮೇಷ್ಟ್ರು, ಹನುಮಂತನಗರ, ಬೆಂಗಳೂರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಮೊದಲು, ಅಮ್ಮಾವ್ರ ಕೈ ಬೇಗ ಕೂಡಿಕೊಳ್ಳಲಿ. ಆ ಲೇಖನಕ್ಕೆ ಪುಟ ಕೊಟ್ಟವನು ನಾನೇ. ಎಂಥ ಚಪ್ಪಲಿ ಹಾಕಬೇಕು, ಊಟವಾದ ಎಷ್ಟು ಹೊತ್ತಿಗೆ ಹೊರಡಬೇಕು, ಕೈ ಎಷ್ಟು ಬೀಸಬೇಕು, ಎಲ್ಲ ಇತ್ತು ಅದರಲ್ಲಿ. ಎಲ್ಲಿ ನಡೆಯಬೇಕು ಅನ್ನೋದು ಮಾತ್ರ ಇರಲಿಲ್ಲ. ನೀವು ಕಿವಿ ಹಿಂಡಿದ್ದು ಸರಿಯಾಗಿಯೇ ಇದೆ.

ಎರಡು ಸಾಲಿನ ವಿಷಾದ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ನಮ್ಮ ಆಫೀಸಿನ ಕೆಳಗೆ ಒಬ್ಬ ಟೈಲರ್ ಇದ್ದಾರೆ. ಅವರ ಹತ್ತಿರ ಟೇಪು ಇಸ್ಕೊಂಡು, ಪತ್ರದ ಹಿಂಬದಿಯಲ್ಲಿ ನೀವು ಪೆನ್ಸಿಲಿನಲ್ಲಿ ಬರೆದಿದ್ದ ನಕ್ಷೆ ಹಿಡಿದು, ಕಳೆದ ಗುರುವಾರ ಬೆಳಿಗ್ಗೆ ನಿಮ್ಮ ಬೀದಿಗೆ ಬಂದಿದ್ದೆ. ಬಾಗಿಲು ತಟ್ಟಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಗೇಟಿನಿಂದ ಮೇನ್ ರೋಡಿನ ಬಸ್ ಸ್ಟಾಪಿಗೆ ಸುಮಾರು 300 ಮೀಟರ್. ರಸ್ತೆಯಲ್ಲೇ ನಡೆದರೆ ನನಗೆ ನಾಲ್ಕು ನಿಮಿಷ. ಫುಟ್‌ಪಾತ್ ಬಿಡಲೇಬಾರದು ಅಂತ ಹಟ ಹಿಡಿದೆ. ಹನ್ನೊಂದು ನಿಮಿಷ ಹಿಡಿಯಿತು. ಅಷ್ಟು ದೂರದಲ್ಲಿ 19 ಸಲ ಹತ್ತಿದೆ, 19 ಸಲ ಇಳಿದೆ. ಒಂದೊಂದು ಮನೆಯ ಕಾರು ಒಳಗೆ ಹೋಗಲಿ ಅಂತ ಫುಟ್‌ಪಾತನ್ನು ಕತ್ತರಿಸಿ ಇಳಿಜಾರು ಮಾಡಿಕೊಂಡಿದ್ದಾರೆ. ಕಾರಿಗೆ ಇಳಿಜಾರು, ಕಾಲಿಗೆ ಹಳ್ಳ. ಒಂದು ಕಡೆ ಟೇಪು ಹಿಡಿದು ನೋಡಿದೆ, 11 ಇಂಚು. ಅದರ ಮುಂದಿನದು 13. ನಮ್ಮ ಮನೆಯ ಮೆಟ್ಟಿಲು ಏಳೇ ಇಂಚು. ನನಗೆ ಈಗ ಐವತ್ತಾರು. ಹನ್ನೆರಡನೇ ಸಲ ಹತ್ತುವಾಗ ಮಂಡಿ ಮಾತಾಡೋಕೆ ಶುರು ಮಾಡಿತು.

ಮೂಲೆಯಲ್ಲಿ ಸೊಪ್ಪು ಮಾರುವ ಅಜ್ಜಿ ನನ್ನ ಸರ್ಕಸ್ ನೋಡ್ತಾ ಕೂತಿದ್ದರು. "ಅದ್ರ ಮೇಲೆ ಯಾರು ನಡೀತಾರೆ ಸಾಮಿ? ಅದು ಮೋರಿ ಮುಚ್ಚಳ ಅಲ್ವಾ?" ಅಂದರು.

ಇದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರೂ ಹೇಳಲಾರರು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಫುಟ್‌ಪಾತ್ ಅನ್ನೋದು ಬಹಳ ಕಡೆ ಮೋರಿಯ ಮೇಲೆ ಹಾಸಿದ ಕಲ್ಲು ಚಪ್ಪಡಿ. ಅದರ ಎತ್ತರವನ್ನು ನಡೆಯುವವರ ಮಂಡಿ ನೋಡಿ ಯಾರೂ ಗೊತ್ತು ಮಾಡಿಲ್ಲ, ಹರಿಯುವ ನೀರು ನೋಡಿ ಮಾಡಿದ್ದಾರೆ. ಇದರ ಮೇಲೆ ಡಾಂಬರಿನ ಕಥೆ ಬೇರೆ. ಹಳೆಯ ಡಾಂಬರು ಕೆರೆಯದೆ ಅದರ ಮೇಲೆಯೇ ಹೊಸದು ಹಾಕಿದರೆ ರಸ್ತೆ ಏರುತ್ತದೆ. ಮಳೆ ನೀರು ಮನೆಗಳಿಗೆ ನುಗ್ಗುತ್ತದೆ. ಜನ ಗಲಾಟೆ ಮಾಡುತ್ತಾರೆ. ಮೋರಿ ಗೋಡೆ ಎತ್ತರಿಸುತ್ತಾರೆ. ಮುಚ್ಚಳವೂ ಏರುತ್ತದೆ. ಅಮ್ಮಾವ್ರು ಎಡವಿದ್ದು ಹೀಗೆ ಏರಿಕೊಂಡು ಬಂದ ಕಲ್ಲಿಗೆ.

ಅಳತೆ ಇಲ್ಲ ಅಂತೇನೂ ಅಲ್ಲ. ದೇಶದ ರಸ್ತೆಗಳಿಗೆ ಅಳತೆ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಪಾದಚಾರಿಗಳಿಗಾಗಿಯೇ ಒಂದು ಕೈಪಿಡಿ ಮಾಡಿದ್ದಾರೆ. ಅದರ 2012ರ ಆವೃತ್ತಿಯ ಪ್ರಕಾರ ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಅಂದರೆ ಆರು ಇಂಚು. ಅಡ್ಡಿ ಇಲ್ಲದೆ ನಡೆಯೋಕೆ 1.8 ಮೀಟರ್ ಅಗಲ ಬೇಕು. ನಿಮ್ಮ ಬೀದಿಯಲ್ಲಿ ನನಗೆ ಆರು ಇಂಚು ಒಂದೇ ಕಡೆ ಸಿಕ್ಕಿತು. ಅಲ್ಲಿ ಟ್ರಾನ್ಸ್‌ಫಾರ್ಮರ್ ನಿಂತಿತ್ತು.

ಈಗ ಆ ಮಣಿಕಟ್ಟಿನ ವಿಷಯ. ಅರವತ್ತರ ಆಸುಪಾಸಿನವರು ಬೀಳುವಾಗ ಕೈ ಊರುತ್ತಾರೆ, ಮಣಿಕಟ್ಟು ಹೋಗುತ್ತದೆ. ವಯಸ್ಸು ಇನ್ನೂ ಏರಿದ ಮೇಲೆ ಕೈ ಅಷ್ಟು ಬೇಗ ಮುಂದೆ ಬರೋದಿಲ್ಲ, ಸೊಂಟದ ಮೇಲೆ ಬೀಳುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುವುದರಿಂದ ಅವರಿಗೆ ಅಪಾಯ ಜಾಸ್ತಿ. ಅಮ್ಮಾವ್ರ ಮೂಳೆಯ ಗಟ್ಟಿತನ ಒಮ್ಮೆ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗೆ ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಆದರೆ ನನಗೆ ಮೂಳೆ ಮುರಿಯೋದಕ್ಕಿಂತ ಭಯ ಆಗೋದು ಆಮೇಲಿನ ಮೂರು ತಿಂಗಳು. ಮತ್ತೆ ಬಿದ್ದುಬಿಟ್ಟರೆ ಅಂತ ಮನೆಯಲ್ಲೇ ಕೂರುತ್ತಾರೆ. ತೊಡೆಯ ಬಲ ಹೋಗುತ್ತದೆ. ಬಲ ಇಲ್ಲದವರು ಬಚ್ಚಲುಮನೆಯಲ್ಲಿ ಜಾರುತ್ತಾರೆ. ಬೀದಿಯಲ್ಲಿ ಬಿದ್ದವರಿಗೆ ಮನೆಯೊಳಗೂ ಬೀಳುವ ಯೋಗ. ಆದ್ದರಿಂದ ಪ್ಲಾಸ್ಟರ್ ಬಿಚ್ಚಿದ ಮೇಲೆ ದಯವಿಟ್ಟು ಅವರನ್ನು ಕೂರಿಸಬೇಡಿ. ಸದ್ಯಕ್ಕೆ ಹತ್ತಿರದ ಪಾರ್ಕೇ ಆಗಲಿ.

ಬಸ್ಸಿನ ವಿಷಯ ಪತ್ರದಲ್ಲಿ ಇಲ್ಲ. ಆದರೆ ನಕ್ಷೆ ಮುಗಿಯೋದು ಬಸ್ ಸ್ಟಾಪಿನಲ್ಲೇ ಅಲ್ವಾ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಮ್ಮಾವ್ರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ನಿಮಗೆ ಬಿಎಂಟಿಸಿಯಲ್ಲಿ ಹಿರಿಯ ನಾಗರಿಕರ 25 ಪರ್ಸೆಂಟ್ ರಿಯಾಯಿತಿ. ಟಿಕೆಟ್ಟಿನ ದರ ಇಳಿಯಿತು, ಮೆಟ್ಟಿಲು ಇಳಿಯಲಿಲ್ಲ. ನಮ್ಮ ದೇಶದ ನಗರ ಬಸ್ಸುಗಳ ನೆಲದ ಎತ್ತರದಲ್ಲಿ ಮೂರು ಬಗೆ ಇದೆ: 900, 650, 400 ಮಿಲಿಮೀಟರ್. ಮೊದಲನೆಯದು ಮೂರಡಿ, ಕಡಿದಾದ ಮೆಟ್ಟಿಲು ಹತ್ತಬೇಕು. ಕೊನೆಯದು 16 ಇಂಚು, ಮೆಟ್ಟಿಲೇ ಇಲ್ಲದೆ ನೇರ ಒಳಗೆ. ಬೆಂಗಳೂರಿಗೆ ಇಂಥ ತಗ್ಗು ನೆಲದ ವೋಲ್ವೋ ಬಸ್ಸು ಬಂದು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆಯಿತು. ಹಾಗಾಗಿ ಇದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ.

ಇಲ್ಲೇ ಒಂದು ಸಣ್ಣ ಲೆಕ್ಕ ಇದೆ, ಮೇಷ್ಟ್ರಾದ ನಿಮಗೆ ಹಿಡಿಸಬಹುದು. ಬಸ್ಸಿನ ನೆಲ 16 ಇಂಚು, ಫುಟ್‌ಪಾತ್ 6 ಇಂಚು. ಡ್ರೈವರ್ ಅಂಚಿಗೆ ತಾಗಿಸಿ ನಿಲ್ಲಿಸಿದರೆ ಹತ್ತಬೇಕಾದ್ದು 10 ಇಂಚು. ನಡುರಸ್ತೆಯಲ್ಲಿ ನಿಲ್ಲಿಸಿದರೆ ಮೊದಲು 6 ಇಂಚು ಇಳಿಯಬೇಕು, ಎರಡು ಸ್ಕೂಟರ್ ತಪ್ಪಿಸಿಕೊಳ್ಳಬೇಕು, ಆಮೇಲೆ 16 ಇಂಚು ಹತ್ತಬೇಕು. ಅದೇ ಬಸ್ಸು, ಅದೇ ಫುಟ್‌ಪಾತು. ವ್ಯತ್ಯಾಸ ಮಾಡುವುದು ಸ್ಟಾಪಿನ ಮುಂದೆ ನಿಂತ ಆಟೋ. ಕೋಟಿ ಕೊಟ್ಟು ಒಳ್ಳೆಯ ಬಸ್ ತಂದು, ಅದು ಅಂಚಿಗೆ ಬರದ ಹಾಗೆ ಆಟೋ ನಿಲ್ಲಿಸೋಕೆ ಬಿಟ್ಟರೆ ಏನು ಬಂತು?

ಜಪಾನಿನ ಟೊಯಾಮಾ ಅನ್ನೋ ಊರಿನವರು ಟಿಕೆಟ್ಟು, ಮೆಟ್ಟಿಲು ಎರಡನ್ನೂ ಜೋಡಿಸಿ ನೋಡಿದರು. ವಯಸ್ಸಾದವರು ತುಂಬ ಇರುವ ಊರು ಅದು. 2006ರಲ್ಲಿ ನೆಲಮಟ್ಟದ ಟ್ರ್ಯಾಮ್ ಓಡಿಸಿದರು, ಪ್ಲಾಟ್‌ಫಾರಂ ಮತ್ತು ಬಾಗಿಲು ಒಂದೇ ಸಮ. ಅರವತ್ತೈದು ದಾಟಿದವರು ಪೇಟೆಗೆ ಬಂದರೆ 100 ಯೆನ್ ಟಿಕೆಟ್. ಆಸ್ಪತ್ರೆಗೆ ಬಂದರೆ ರಿಯಾಯಿತಿ ಅಂತ ಹೇಳಲಿಲ್ಲ ನೋಡಿ, ಪೇಟೆಗೆ ಬನ್ನಿ ಅಂದರು. ನಮ್ಮಲ್ಲಿ ಹಿರಿಯರ ಮಾತು ಬಂದ ತಕ್ಷಣ ಆಸ್ಪತ್ರೆ, ಪಿಂಚಣಿ, ವೃದ್ಧಾಶ್ರಮ ಅಂತ ಮೂರೇ ಪದ ಬಾಯಿಗೆ ಬರೋದು. ಗಾಂಧಿ ಬಜಾರಿಗೆ ಹೋಗಿ ಕಾಫಿ ಕುಡಿದು, ಮಲ್ಲಿಗೆ ಹೂವು ತಗೊಂಡು ಬರೋ ಆಸೆ ಮುದುಕರಿಗೆ ಇರಬಾರದಾ?

ರಸ್ತೆ ದಾಟೋದು ಇನ್ನೊಂದು ಕಷ್ಟ. ನಡೆಯುವವರ ಸಿಗ್ನಲ್ಲಿಗೆ ಸಮಯ ಇಡುವಾಗ ಸಾಮಾನ್ಯವಾಗಿ ಒಬ್ಬರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿಯುತ್ತಾರೆ. 80 ಅಡಿ ರಸ್ತೆ ಅಂದರೆ 24 ಮೀಟರ್, 20 ಸೆಕೆಂಡ್. ಕೋಲು ಹಿಡಿದವರು 0.8ರಲ್ಲಿ ನಡೆದರೆ ಅದೇ ರಸ್ತೆಗೆ 30 ಸೆಕೆಂಡ್ ಬೇಕು. ಹಸಿರು ಹೋದ ಮೇಲೂ ಅವರು ರಸ್ತೆಯಲ್ಲೇ ಇರುತ್ತಾರೆ, ಹಾರ್ನ್ ಶುರುವಾಗುತ್ತದೆ. ಸಿಂಗಪುರದವರು 2009ರಿಂದ ಇದಕ್ಕೊಂದು ಉಪಾಯ ಮಾಡಿದ್ದಾರೆ. ಹಿರಿಯರು ತಮ್ಮ ರಿಯಾಯಿತಿ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ಮುಟ್ಟಿಸಿದರೆ 3ರಿಂದ 13 ಸೆಕೆಂಡ್ ಜಾಸ್ತಿ ಸಿಗುತ್ತದೆ. ನಮ್ಮಲ್ಲಿ ಕಟ್ಟುವುದು ಸ್ಕೈವಾಕ್. ಅದನ್ನು ಪಾದಚಾರಿಗಳಿಗಾಗಿ ಕಟ್ಟುತ್ತಾರೆ ಅಂತ ನನಗೆ ಇವತ್ತಿಗೂ ನಂಬಿಕೆ ಬಂದಿಲ್ಲ. ಕಾರು ನಿಲ್ಲಬಾರದು ಅಂತ ಮನುಷ್ಯನನ್ನು ಮಾಳಿಗೆ ಹತ್ತಿಸುವ ಏರ್ಪಾಡು ಅದು.

ಯಾರೂ ಬಾಯಿ ಬಿಟ್ಟು ಹೇಳದ ಒಂದು ವಿಷಯ ಇದೆ. ನಮ್ಮ ತಾಯಿ ಬಿಪಿಗೆ ನೀರು ಹೋಗೋ ಮಾತ್ರೆ ತಗೋತಾರೆ. ಮದುವೆಗೋ ಬ್ಯಾಂಕಿಗೋ ಹೊರಡುವ ದಿನ ಆ ಮಾತ್ರೆ ಡಬ್ಬಿಯಲ್ಲೇ ಉಳಿದಿರುತ್ತದೆ. ನೀರೂ ಕುಡಿಯೋದಿಲ್ಲ. ಯಾಕಮ್ಮಾ ಅಂದರೆ, "ದಾರೀಲಿ ಎಲ್ಲಿಗೆ ಹೋಗ್ಲಿ?" ಅಂತಾರೆ. ಒಂದು ಶೌಚಾಲಯ ಇಲ್ಲದ್ದಕ್ಕೆ ಡಾಕ್ಟರ ಚೀಟಿಯೇ ಬದಲಾಗಿಬಿಡುತ್ತದೆ. ನೀರು ಕಡಿಮೆಯಾದರೆ ತಲೆ ಸುತ್ತುತ್ತದೆ, ತಲೆ ಸುತ್ತಿದರೆ ಅದೇ 13 ಇಂಚಿನ ಕಲ್ಲು ಕಾದಿರುತ್ತದೆ. ಕೂರುವ ಜಾಗದ ಕಥೆಯೂ ಇದೇ. ಹಿಂದೆ ಮನೆ ಮುಂದೆ ಜಗುಲಿ ಇತ್ತು, ಸುಸ್ತಾದವರು ಕೇಳದೆಯೇ ಕೂರುತ್ತಿದ್ದರು. ಈಗ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು. ಬಸ್ ಸ್ಟಾಪಿನಲ್ಲಿ ಇಳಿಜಾರಾದ ಉಕ್ಕಿನ ಪೈಪು, ಕೂತರೆ ಜಾರುತ್ತದೆ.

ಇನ್ನು ನಿಮ್ಮ ಎರಡು ಸಲಹೆಗಳು. ಎರಡನ್ನೂ ನಾನು ಒಪ್ಪುವುದಿಲ್ಲ, ಸಿಟ್ಟಾಗಬೇಡಿ.

ವ್ಯಾಪಾರಿಗಳನ್ನು ಎಬ್ಬಿಸಬೇಕು ಅಂದಿರಿ. ನಿಮ್ಮ 300 ಮೀಟರಿನಲ್ಲಿ ಕೂತಿದ್ದ ವ್ಯಾಪಾರಿಗಳು ಇಬ್ಬರು. ಫುಟ್‌ಪಾತಿನ ಮೇಲೆ ನಿಂತಿದ್ದ ಬೈಕುಗಳು 14. ಎಣಿಸಿಯೇ ಬಂದಿದ್ದೇನೆ. ಅಮ್ಮಾವ್ರು ಬಿದ್ದ ದಿನ ಎತ್ತಿ ಕೂರಿಸಿ, ತಾವು ಕೂತಿದ್ದ ಮಣೆ ಕೊಟ್ಟು, ನೀರು ಕೊಟ್ಟವರು ಅದೇ ಸೊಪ್ಪಿನ ಅಜ್ಜಿಯಂತೆ. ಅವರೇ ಹೇಳಿದರು. ಬೀದಿ ವ್ಯಾಪಾರಿಗಳಿಗೆ 2014ರಿಂದ ಕಾನೂನಿನ ರಕ್ಷಣೆಯೂ ಇದೆ. ಅವರಿಗೆ ಜಾಗ ಗುರುತು ಮಾಡಿ, ನಡೆಯೋಕೆ 1.8 ಮೀಟರ್ ಬಿಡಿಸಬೇಕು. ಬೈಕುಗಳಿಗೆ ಮಾತ್ರ ನನ್ನ ಕಡೆಯಿಂದ ಯಾವ ದಯೆಯೂ ಇಲ್ಲ.

ಊರಾಚೆ ಬೇರೆ ಬಡಾವಣೆ ಅನ್ನೋದು ನೀವು ಬೇಸರಕ್ಕೆ ಬರೆದದ್ದು ಅಂತ ಗೊತ್ತು. ಬಸವನಗುಡಿ, ಜಯನಗರ, ಮಲ್ಲೇಶ್ವರದ ಎಷ್ಟೋ ಮನೆಗಳಲ್ಲಿ ಮಕ್ಕಳು ಹೊರದೇಶದಲ್ಲಿದ್ದಾರೆ, ಇಲ್ಲಿ ಇಬ್ಬರೇ. ಆ ಇಬ್ಬರನ್ನು ನಡೆಸುತ್ತಿರುವುದು ಹಾಲಿನವನು, ಮೆಡಿಕಲ್ ಶಾಪಿನ ಹುಡುಗ, ಎದುರುಮನೆಯವರು. ಊರಾಚೆ ಇವರ್ಯಾರೂ ಸಿಗೋದಿಲ್ಲ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 33 ನಗರಗಳಲ್ಲಿ ಹಿರಿಯರನ್ನೇ ಕೇಳಿ, ಅವರಿಗೆ ಒಗ್ಗುವ ನಗರ ಹೇಗಿರಬೇಕು ಅಂತ ಪುಸ್ತಕ ಮಾಡಿತು. ನಮ್ಮ ದೆಹಲಿ, ಉದಯಪುರದವರನ್ನೂ ಕೇಳಿದ್ದರು. ಎಂಟು ವಿಷಯಗಳ ಪಟ್ಟಿ ಅದು. ಮೊದಲನೆಯದು ಹೊರಗಿನ ಜಾಗ ಮತ್ತು ಕಟ್ಟಡ. ಎರಡನೆಯದು ಸಾರಿಗೆ. ಆರೋಗ್ಯ ಸೇವೆ ಎಂಟನೆಯದು. ಆ ಕ್ರಮಕ್ಕೆ ವಿಶೇಷ ಅರ್ಥ ಇಲ್ಲದಿರಬಹುದು, ಆದರೂ ನನಗೆ ಹಿಡಿಸಿತು.

ನಮ್ಮ ಊರಿಗೆ ಇದು ಆಗದ ಕೆಲಸ ಅನ್ನಬೇಡಿ. ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಪೈಪು, ಕೇಬಲ್ಲುಗಳನ್ನೆಲ್ಲ ನೆಲದೊಳಗೆ ಜೋಡಿಸಿ, ಮೇಲೆ ಅಗಲವಾದ ಫುಟ್‌ಪಾತ್ ಮಾಡಿದ್ದಾರೆ. ಒಂದು ಸಂಜೆ ಅಮ್ಮಾವ್ರನ್ನು ಕರೆದುಕೊಂಡು ಹೋಗಿ ನಡೆದು ನೋಡಿ. ನನ್ನ ತಕರಾರು ಒಂದೇ. ಅಲ್ಲಿ ಆಫೀಸುಗಳಿವೆ, ಅಜ್ಜಂದಿರು ಇರೋದು ನಿಮ್ಮ ಕಡೆ. ಇಡೀ ಊರಿಗೆ ಅಂಥ ರಸ್ತೆ ಬೇಡ. ಪ್ರತಿ ಬಸ್ ಸ್ಟಾಪಿನ ಸುತ್ತ 300 ಮೀಟರ್ ಮಾತ್ರ, ಆರು ಇಂಚಿನ, ಎಲ್ಲೂ ತುಂಡಾಗದ ಫುಟ್‌ಪಾತ್ ಮಾಡಲಿ. ಕಾರು ಬರುವ ಕಡೆ ಫುಟ್‌ಪಾತ್ ಇಳಿಯೋದು ಬೇಡ, ಕಾರೇ ಹತ್ತಿ ಇಳಿಯಲಿ. ಅದಕ್ಕೆ ಇಂಜಿನ್ ಇದೆ.

ಸದ್ಯಕ್ಕೆ ಕೈಗೆ ಸಿಗುವ ಕೆಲವು ಸಂಗತಿ ಹೇಳಿಬಿಡುತ್ತೇನೆ. ಬೆಂಗಳೂರು ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ ಹಿರಿಯರ ಸಹಾಯವಾಣಿ 1090. ದೇಶಕ್ಕೆಲ್ಲ ಒಂದೇ ನಂಬರ್ ಬೇಕೆಂದರೆ 14567. ಬಿಪಿ, ಶುಗರ್ ನೋಡಿಸೋಕೆ ದೊಡ್ಡ ಆಸ್ಪತ್ರೆಯವರೆಗೆ ಆಟೋ ಮಾಡಬೇಡಿ, ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್'ನಲ್ಲಿ ದುಡ್ಡಿಲ್ಲದೆ ನೋಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯರಿಗೆ ಬೇರೆ ಸಾಲು ಇರಬೇಕು ಅಂತ 2007ರ ಹಿರಿಯ ನಾಗರಿಕರ ಕಾಯ್ದೆಯೇ ಹೇಳುತ್ತದೆ. ಸಾಲು ಕಾಣದಿದ್ದರೆ ಸುಮ್ನೆ ನಿಲ್ಲಬೇಡಿ, ಕೇಳಿ. ಕ್ಲಾಸಿನಲ್ಲಿ ಬಳಸುತ್ತಿದ್ದ ದನಿ ಇನ್ನೂ ಇದೆ ಅಂತ ಪತ್ರ ನೋಡಿದರೇ ಗೊತ್ತಾಗುತ್ತದೆ.

ಫುಟ್‌ಪಾತಿನ ಅರ್ಜಿ ನಾನು ಬರೆದಿದ್ದೇನೆ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆ ಆಗಿವೆ. ನಿಮ್ಮ ಬೀದಿಯ ಕಾಗದ ಯಾವ ಮೇಜಿಗೆ ಹೋಗಬೇಕು ಅಂತ ವಿಚಾರಿಸಿ ಅಲ್ಲಿಗೇ ಕೊಡೋಣ. 19 ಕಡೆಯ ಅಳತೆಯನ್ನೂ ಕ್ರಮವಾಗಿ ಬರೆದಿದ್ದೇನೆ, ಜೊತೆಗೆ ಫೋಟೋ ಇದೆ. ಆ ಬೀದಿಯವರ ಸಹಿ ಬೇಕು, ಮೊದಲನೆಯದು ನಿಮ್ಮದು. ಬರುವ ಗುರುವಾರ ಹತ್ತು ಗಂಟೆಗೆ ಬರುತ್ತೇನೆ, ಈ ಸಲ ಬಾಗಿಲು ತಟ್ಟುತ್ತೇನೆ. ಅಮ್ಮಾವ್ರ ಬಲಗೈ ಪ್ಲಾಸ್ಟರಿನಲ್ಲಿ ಇರುವುದರಿಂದ ಅವರದ್ದು ಎಡಗೈ ಹೆಬ್ಬೆಟ್ಟು ಹಾಕಿಸೋಣ, ಪಕ್ಕದಲ್ಲಿ ಕಾರಣವನ್ನೂ ಬರೆಯೋಣ.

ಸೊಪ್ಪಿನ ಅಜ್ಜಿ ಆಗಲೇ ತಮ್ಮ ಸಹಿ ಹಾಕಿಕೊಟ್ಟಿದ್ದಾರೆ.