ಗೆಲ್ಲದ ಪಕ್ಷಕ್ಕೆ ಯಾಕೆ ಓಟು? ಅಮೆರಿಕದ ಸಣ್ಣ ಪಕ್ಷಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: 2018ರಲ್ಲಿ 37 ಸೀಟು ಗೆದ್ದ ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಅಮೆರಿಕದಲ್ಲಿ ಮೂರನೇ ಪಕ್ಷಕ್ಕೆ ಅಂಥ ಅವಕಾಶ ಯಾಕಿಲ್ಲ? ಬೇರೆ ಪಕ್ಷ ಕಟ್ಟುವುದಕ್ಕೆ ನಿಷೇಧವಿದೆಯೇ?
— ಹಾಸನದ ಓದುಗರು

ಉತ್ತರ: ನಿಷೇಧವೇನೂ ಇಲ್ಲ. ಲಿಬರ್ಟೇರಿಯನ್, ಗ್ರೀನ್ ಮುಂತಾದ ಪಕ್ಷಗಳು ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಕಣದಲ್ಲಿರುತ್ತವೆ. ಎಲ್ಲರಿಗಿಂತ ಒಂದು ಓಟು ಹೆಚ್ಚು ಬಿದ್ದವರು ಗೆದ್ದಂತೆ ಎನ್ನುವ ಪದ್ಧತಿ ಅಲ್ಲೂ ಇದೆ, ನಮ್ಮಲ್ಲೂ ಇದೆ. ಆದ್ದರಿಂದ ಅದೊಂದನ್ನೇ ದೂರಿದರೆ ಸಾಲದು. ದೊಡ್ಡ ವ್ಯತ್ಯಾಸ ಇರುವುದು ಸರ್ಕಾರ ರಚನೆಯಲ್ಲಿ. ನಮ್ಮಲ್ಲಿ ಮುಖ್ಯಮಂತ್ರಿಗೆ ಸದನದ ಬಹುಮತ ಬೇಕು. ಯಾರಿಗೂ ಬಹುಮತ ಬರದಿದ್ದರೆ 37 ಶಾಸಕರ ಕೈಗೇ ಬೀಗದ ಕೈ ಬರುತ್ತದೆ. ಅಮೆರಿಕದ ಅಧ್ಯಕ್ಷರು ಬೇರೆಯೇ ಚುನಾವಣೆಯಲ್ಲಿ ಆಯ್ಕೆಯಾಗಿ ಬರುತ್ತಾರೆ, ಸದನದಲ್ಲಿ ಬಹುಮತ ಇಲ್ಲದಿದ್ದರೂ ಅವಧಿ ಮುಗಿಸುತ್ತಾರೆ. ಬೆಂಬಲ ಕೊಟ್ಟು ಬದಲಿಗೆ ಏನಾದರೂ ಕೇಳುವ ಸಂದರ್ಭವೇ ಸಣ್ಣ ಪಕ್ಷಕ್ಕೆ ಒದಗುವುದಿಲ್ಲ.

ಇದರ ಮೇಲೆ ಎಲೆಕ್ಟರ್‌ಗಳ ಲೆಕ್ಕ, ಅಂದರೆ ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಲೆಕ್ಕ. ಒಟ್ಟು 538 ಎಲೆಕ್ಟರ್‌ಗಳಲ್ಲಿ 270 ಬೇಕು. ಮೇನ್ ಮತ್ತು ನೆಬ್ರಾಸ್ಕ ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿ ಮೊದಲು ಬಂದವರಿಗೇ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳು. 1992ರಲ್ಲಿ ಟೆಕ್ಸಸ್‌ನ ಉದ್ಯಮಿ ರಾಸ್ ಪೆರೋ ಸುಮಾರು 1.97 ಕೋಟಿ ಓಟು, ಅಂದರೆ ಶೇ 18.9 ಪಡೆದರು. ಸಿಕ್ಕ ಎಲೆಕ್ಟರ್‌ಗಳು ಸೊನ್ನೆ. 1968ರಲ್ಲಿ ಜಾರ್ಜ್ ವಾಲೇಸ್ ಪಡೆದದ್ದು ಶೇ 13.5 ಮಾತ್ರ, ಎಲೆಕ್ಟರ್‌ಗಳು 46. ಪೆರೋ ಓಟು ದೇಶದ ತುಂಬ ಚದುರಿತ್ತು. ವಾಲೇಸ್ ಓಟು ದಕ್ಷಿಣದಲ್ಲಿ ಗುಡ್ಡೆಯಾಗಿತ್ತು, ಅಲ್ಲಿನ ಐದು ರಾಜ್ಯಗಳನ್ನೇ ಅವರು ಗೆದ್ದರು. ನಮ್ಮ ಪ್ರಾದೇಶಿಕ ಪಕ್ಷಗಳು ಉಳಿದು ಬೆಳೆದದ್ದೂ ಹೀಗೆ ಓಟು ಒಂದೇ ಕಡೆ ಗುಡ್ಡೆಯಾಗಿರುವುದರಿಂದಲೇ.

ಪ್ರಶ್ನೆ: 2000ದ ಚುನಾವಣೆಯಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಓಟು ಒಡೆದರು, ಅದಕ್ಕೇ ಡೆಮಾಕ್ರಟಿಕ್ ಪಕ್ಷದ ಆಲ್ ಗೋರ್ ಸೋತರು ಎನ್ನುತ್ತಾರೆ. ನಿಜವೇ? ಸಣ್ಣ ಪಕ್ಷಕ್ಕೆ ಓಟು ಹಾಕುವುದು ತಪ್ಪೇ?
— ಮೈಸೂರಿನ ರಾಜ್ಯಶಾಸ್ತ್ರ ವಿದ್ಯಾರ್ಥಿನಿ

ಉತ್ತರ: ಲೆಕ್ಕವನ್ನೇ ಇಟ್ಟು ನೋಡೋಣ. ಇಡೀ ಚುನಾವಣೆಯನ್ನು ತೀರ್ಮಾನಿಸಿದ ಫ್ಲಾರಿಡಾ ರಾಜ್ಯದಲ್ಲಿ ರಿಪಬ್ಲಿಕನ್ ಜಾರ್ಜ್ ಬುಷ್ ಗೆದ್ದ ಅಂತರ 537. ಅಲ್ಲಿ ನೇಡರ್‌ಗೆ ಬಿದ್ದ ಓಟು 97,488. ಇವರಲ್ಲಿ ನೂರಕ್ಕೆ ಒಬ್ಬರು ಹೆಚ್ಚಾಗಿ ಗೋರ್ ಕಡೆ ವಾಲಿದ್ದರೂ ಫಲಿತಾಂಶ ಬದಲಾಗುತ್ತಿತ್ತು. ಅಷ್ಟರಮಟ್ಟಿಗೆ ಮಾತು ನಿಜ. ಆದರೆ ಅದೇ ಫ್ಲಾರಿಡಾದಲ್ಲಿ ಸೋಷಲಿಸ್ಟ್ ವರ್ಕರ್ಸ್ ಪಕ್ಷದ ಅಭ್ಯರ್ಥಿಗೆ ಬಿದ್ದ 562 ಓಟೂ ಅಂತರಕ್ಕಿಂತ ಹೆಚ್ಚೇ. ಲಿಬರ್ಟೇರಿಯನ್ ಅಭ್ಯರ್ಥಿಗೆ 16,415 ಬಿದ್ದಿತ್ತು. ಹಾಗಿದ್ದರೆ ಯಾರನ್ನು ದೂರುವುದು? ಕಣದಲ್ಲಿ ನೇಡರ್ ಇಲ್ಲದಿದ್ದರೆ ಅವರ ಮತದಾರರಲ್ಲಿ ಹಲವರು ಮತಗಟ್ಟೆಗೇ ಬರುತ್ತಿರಲಿಲ್ಲ ಎನ್ನುವುದನ್ನೂ ಮರೆಯಬಾರದು.

ಇದಕ್ಕಿಂತ ಕಹಿಯಾದ ಉದಾಹರಣೆ 1844ರದು. ಗುಲಾಮಗಿರಿ ವಿರೋಧಿಸುತ್ತಿದ್ದ ಲಿಬರ್ಟಿ ಪಕ್ಷದ ಜೇಮ್ಸ್ ಬರ್ನಿಗೆ ನ್ಯೂಯಾರ್ಕ್ ರಾಜ್ಯದಲ್ಲಿ 15 ಸಾವಿರಕ್ಕೂ ಹೆಚ್ಚು ಓಟು ಬಿತ್ತು. ವಿಗ್ ಪಕ್ಷದ ಅಭ್ಯರ್ಥಿ ಹೆನ್ರಿ ಕ್ಲೇ ಆ ರಾಜ್ಯವನ್ನು ಸುಮಾರು 5,100 ಓಟುಗಳಿಂದ ಕಳೆದುಕೊಂಡರು, ಅದರ ಜೊತೆಗೆ ಅಧ್ಯಕ್ಷ ಪದವಿಯನ್ನೂ. ಗೆದ್ದ ಜೇಮ್ಸ್ ಪೋಕ್ ಟೆಕ್ಸಸ್ ಅನ್ನು ಸೇರಿಸಿಕೊಳ್ಳಬೇಕೆನ್ನುತ್ತಿದ್ದವರು. 1845ರಲ್ಲಿ ಟೆಕ್ಸಸ್ ಗುಲಾಮಗಿರಿಯ ರಾಜ್ಯವಾಗಿಯೇ ಒಳಗೆ ಬಂತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಲಿಬರ್ಟಿ ಪಕ್ಷದ ಜನರಲ್ಲಿ ಅನೇಕರು 1848ರಲ್ಲಿ, ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದು ಎನ್ನುವ ಫ್ರೀ ಸಾಯಿಲ್ ಪಕ್ಷಕ್ಕೆ, 1854ರ ನಂತರ ಹೊಸ ರಿಪಬ್ಲಿಕನ್ ಪಕ್ಷಕ್ಕೆ ಹೋದರು. 1860ರಲ್ಲಿ ಅದೇ ಪಕ್ಷದ ಲಿಂಕನ್ ಗೆದ್ದರು.

ಓಟು ಒಡೆಯುವುದು ಎಣಿಕೆಯ ದೋಷ. ಅದನ್ನು ಮತದಾರರ ತಲೆಗೆ ಕಟ್ಟುವುದು ಸರಿಯಲ್ಲ. ಎಣಿಕೆಯನ್ನು ಬದಲಿಸಿದರೆ ದೋಷ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಮೇನ್ ರಾಜ್ಯದ 2ನೇ ಸಂಸತ್ ಕ್ಷೇತ್ರವನ್ನು ನೋಡಿ. 2018ರಲ್ಲಿ ಅಲ್ಲಿ ಮತಪತ್ರದ ಮೇಲೆ ಪ್ರತಿ ಹೆಸರಿನ ಮುಂದೆ ಮೊದಲನೇ ಆಯ್ಕೆ, ಎರಡನೇ ಆಯ್ಕೆ ಹೀಗೆ ಸಾಲಾಗಿ ಅಂಡಾಕಾರದ ಗುರುತುಗಳಿದ್ದವು. ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಬ್ರೂಸ್ ಪೊಲಿಕ್ವಿನ್ ಸುಮಾರು 2,000 ಓಟು ಮುಂದಿದ್ದರು, ಆದರೆ ಅರ್ಧಕ್ಕಿಂತ ಹೆಚ್ಚು ಯಾರಿಗೂ ಇರಲಿಲ್ಲ. ಕೊನೆಯ ಇಬ್ಬರು ಪಕ್ಷೇತರರನ್ನು ತೆಗೆದು, ಅವರ ಮತಪತ್ರಗಳಲ್ಲಿದ್ದ ಮುಂದಿನ ಆಯ್ಕೆಯನ್ನು ಹಂಚಿದಾಗ ಡೆಮಾಕ್ರಾಟ್ ಜೇರೆಡ್ ಗೋಲ್ಡನ್ ಸುಮಾರು 3,500 ಓಟುಗಳಿಂದ ಗೆದ್ದರು. ಪಕ್ಷೇತರರಿಗೆ ಹಾಕಿದವರ ಓಟು ಹಾಳಾಗಲಿಲ್ಲ. ಒಂದು ಎಚ್ಚರಿಕೆ: ಮೊದಲ ಆಯ್ಕೆ ಮಾತ್ರ ತುಂಬಿ ಬಿಟ್ಟವರ ಮತಪತ್ರ, ಆ ಅಭ್ಯರ್ಥಿ ಹೊರಬಿದ್ದಮೇಲೆ ಲೆಕ್ಕದಿಂದ ಹೊರಗೆ ಹೋಗುತ್ತದೆ. ಈ ಪದ್ಧತಿಯಲ್ಲಿ ಜನ ಹೆಚ್ಚಾಗಿ ಎಡವುವುದು ಇಲ್ಲೇ.

ಪ್ರಶ್ನೆ: ಗೆಲ್ಲದೆ ಇವರು ಸಾಧಿಸಿದ್ದಾದರೂ ಏನು?
— ಶಿವಮೊಗ್ಗದ ನಿವೃತ್ತ ಉಪನ್ಯಾಸಕರು

ಉತ್ತರ: 1892ರಲ್ಲಿ ರೈತರ ಪಾಪ್ಯುಲಿಸ್ಟ್ ಪಕ್ಷ ಒಮಾಹಾದಲ್ಲಿ ಸೇರಿ ಒಂದು ಪ್ರಣಾಳಿಕೆ ಹೊರಡಿಸಿತು. ಆದಾಯ ಹೆಚ್ಚಿದಂತೆ ಏರುವ ತೆರಿಗೆ ಬೇಕು ಎಂದಿತು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರನ್ನು ರಾಜ್ಯ ಶಾಸಕರ ಬದಲು ಜನರೇ ಆರಿಸಬೇಕು ಎಂದೂ ಅದರಲ್ಲಿತ್ತು. ಆ ಸಲ ಅವರ ಅಭ್ಯರ್ಥಿ ಜೇಮ್ಸ್ ವೀವರ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಓಟು, 22 ಎಲೆಕ್ಟರ್‌ಗಳು ಬಂದರು. 1896ರಲ್ಲಿ ಡೆಮಾಕ್ರಟಿಕ್ ಪಕ್ಷ ಬೆಳ್ಳಿ ನಾಣ್ಯವನ್ನು ಮಿತಿಯಿಲ್ಲದೆ ಅಚ್ಚುಹಾಕಬೇಕು ಎನ್ನುವ ಇವರ ಬೇಡಿಕೆಯನ್ನು ಎತ್ತಿಕೊಂಡು ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರನ್ನು ನಿಲ್ಲಿಸಿತು. ಪಾಪ್ಯುಲಿಸ್ಟರೂ ಅವರನ್ನೇ ಒಪ್ಪಿಕೊಂಡರು, ಪಕ್ಷ ಕರಗಿಹೋಯಿತು. ಆದರೆ 1913ರಲ್ಲಿ 16ನೇ ತಿದ್ದುಪಡಿಯಿಂದ ಆದಾಯ ತೆರಿಗೆಯೂ 17ನೇ ತಿದ್ದುಪಡಿಯಿಂದ ಸೆನೆಟ್‌ಗೆ ನೇರ ಚುನಾವಣೆಯೂ ಬಂದವು. ಕಟ್ಟಿದ ಪಕ್ಷ ಉಳಿಯಲಿಲ್ಲ, ಕೇಳಿದ್ದು ಸಂವಿಧಾನ ಸೇರಿತು. ನನ್ನ ದೃಷ್ಟಿಯಲ್ಲಿ ಇದು ಸೋಲಲ್ಲ.

ಸಣ್ಣ ಪಕ್ಷಗಳ ತಪ್ಪೂ ಇದೆ. ನಾಲ್ಕು ವರ್ಷಕ್ಕೊಮ್ಮೆ ಇರುವ ಹಣವನ್ನೆಲ್ಲ ಅಧ್ಯಕ್ಷ ಸ್ಥಾನದ ಮೇಲೆ ಸುರಿದು, ನಗರಸಭೆಯ ಕಡೆ ತಿರುಗಿಯೂ ನೋಡದವರು ಹೆಚ್ಚು. ದೇಶದಾದ್ಯಂತ ಶೇ 5 ಓಟು ದಾಟಿದರೆ ಮುಂದಿನ ಅಧ್ಯಕ್ಷೀಯ ಚುನಾವಣೆಗೆ ಸರ್ಕಾರದ ಹಣ ಸಿಗುತ್ತದೆ ಎನ್ನುವುದು ಅವರ ಆಸೆ. ಪೆರೋ ಕಟ್ಟಿದ ರಿಫಾರ್ಮ್ ಪಕ್ಷಕ್ಕೆ 1996ರಲ್ಲಿ ಶೇ 8.4 ಬಂದಿತ್ತು, ಅದರಿಂದ 2000ಕ್ಕೆ ಸುಮಾರು 1.26 ಕೋಟಿ ಡಾಲರ್ ದೊರೆಯಿತು. ಆ ಹಣದ ಮೇಲೆ ಬಣಗಳು ಕಿತ್ತಾಡಿದವು, ಅಭ್ಯರ್ಥಿ ಪ್ಯಾಟ್ ಬುಕ್ಯಾನನ್‌ಗೆ ಶೇ 0.5 ಕೂಡ ಬರಲಿಲ್ಲ. ಇದಕ್ಕೆ ತದ್ವಿರುದ್ಧ ವರ್ಮಾಂಟ್ ರಾಜ್ಯ. 1981ರಲ್ಲಿ ಬರ್ನಿ ಸ್ಯಾಂಡರ್ಸ್ ಪಕ್ಷೇತರರಾಗಿ ಬರ್ಲಿಂಗ್ಟನ್ ಮೇಯರ್ ಆದದ್ದು ಕೇವಲ 10 ಓಟುಗಳ ಅಂತರದಿಂದ. ಆ ನಗರದ ರಾಜಕೀಯದಿಂದಲೇ ಬೆಳೆದ ಪ್ರೋಗ್ರೆಸಿವ್ ಪಕ್ಷ ರಾಜ್ಯದ ಶಾಸನಸಭೆಯವರೆಗೂ ಹೋಗಿದೆ.

ಪ್ರಶ್ನೆ: ನ್ಯೂಯಾರ್ಕ್‌ನಲ್ಲಿ ಹೊಸದಾಗಿ ಪೌರತ್ವ ಪಡೆದಿದ್ದೇವೆ. ಮತಪತ್ರದಲ್ಲಿ ಒಬ್ಬರದೇ ಹೆಸರು ಎರಡು ಪಕ್ಷಗಳ ಕೆಳಗೆ ಇರುತ್ತದೆ. ಯಾವುದಕ್ಕೆ ಗುರುತು ಹಾಕಬೇಕು?
— ಕ್ವೀನ್ಸ್‌ನ ದಂಪತಿ

ಉತ್ತರ: ಎಲ್ಲಿ ಹಾಕಿದರೂ ಓಟು ಅದೇ ಅಭ್ಯರ್ಥಿಗೆ ಸೇರುತ್ತದೆ. ಆದರೆ ಪಕ್ಷವಾರು ಲೆಕ್ಕ ಬೇರೆ ಬೇರೆ. 2025ರ ಮೇಯರ್ ಚುನಾವಣೆಯಲ್ಲಿ ಜೊಹ್ರಾನ್ ಮಮ್ದಾನಿ ಹೆಸರು ಡೆಮಾಕ್ರಟಿಕ್ ಸಾಲಿನಲ್ಲೂ ವರ್ಕಿಂಗ್ ಫ್ಯಾಮಿಲೀಸ್ ಎಂಬ ಸಣ್ಣ ಪಕ್ಷದ ಸಾಲಿನಲ್ಲೂ ಇದ್ದದ್ದನ್ನು ನೀವು ನೋಡಿರಬಹುದು. ಸಣ್ಣ ಪಕ್ಷದ ಸಾಲಿನಲ್ಲಿ ಹಾಕಿದರೆ, ಗೆದ್ದವರಿಗೆ ತಮ್ಮ ಗೆಲುವಿನಲ್ಲಿ ಎಷ್ಟು ಪಾಲು ಎಲ್ಲಿಂದ ಬಂತು ಎಂದು ಅಂಕಿಯಲ್ಲೇ ಗೊತ್ತಾಗುತ್ತದೆ. ಓಟು ಒಡೆಯುವ ಭಯವೂ ಇಲ್ಲ.

ಆ ಪಕ್ಷದ ಅಸ್ತಿತ್ವವೂ ಈ ಸಾಲಿನ ಲೆಕ್ಕದ ಮೇಲೆ ನಿಂತಿದೆ. 2020ರಿಂದ ಜಾರಿಯಾದ ನಿಯಮದಂತೆ ಎರಡು ವರ್ಷಕ್ಕೊಮ್ಮೆ, ಅಧ್ಯಕ್ಷ ಅಥವಾ ಗವರ್ನರ್ ಚುನಾವಣೆಯಲ್ಲಿ, 1,30,000 ಓಟು ಇಲ್ಲವೇ ಒಟ್ಟು ಓಟಿನ ಶೇ 2, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಬರಬೇಕು. ಮೊದಲು ನಾಲ್ಕು ವರ್ಷಕ್ಕೊಮ್ಮೆ 50,000 ಸಾಕಿತ್ತು. ಈ ಬದಲಾವಣೆಯಾದ ವರ್ಷವೇ ಗ್ರೀನ್ ಮತ್ತು ಲಿಬರ್ಟೇರಿಯನ್ ಪಕ್ಷಗಳು ಮಾನ್ಯತೆ ಕಳೆದುಕೊಂಡವು. ಈಗ ಅವು ರಾಜ್ಯಮಟ್ಟದ ಹುದ್ದೆಗೆ ನಿಲ್ಲಬೇಕಾದರೆ 42 ದಿನಗಳೊಳಗೆ 45,000 ಸಹಿ ಸಂಗ್ರಹಿಸಬೇಕು. ಕರ್ನಾಟಕದಲ್ಲಿ ಪಕ್ಷೇತರ ಅಭ್ಯರ್ಥಿಗೆ ಹತ್ತು ಸೂಚಕರು ಸಾಕು ಎನ್ನುವುದನ್ನು ನೆನೆದರೆ ಈ ಗೋಡೆ ಎಷ್ಟು ಎತ್ತರ ಎಂದು ತಿಳಿಯುತ್ತದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಎರಡೂ ಸಾಲಿನಲ್ಲಿ ಗುರುತು ಹಾಕಬೇಡಿ. ಹಾಕಿದರೆ ಓಟು ಒಂದೇ ಎಂದು ಎಣಿಸಿ, ಮತಪತ್ರದಲ್ಲಿ ಮೊದಲು ಬರುವ ಪಕ್ಷದ ಖಾತೆಗೆ ಸೇರಿಸುತ್ತಾರೆ. ಅಲ್ಲಿಗೆ ನಿಮ್ಮ ಉದ್ದೇಶವೇ ತಪ್ಪಿದಂತೆ. ಹೆಚ್ಚಿನ ರಾಜ್ಯಗಳಲ್ಲಿ ಈ ಎರಡು ಸಾಲಿನ ಪದ್ಧತಿಯೇ ಇಲ್ಲ. ರಾಜ್ಯಗಳು ಅದನ್ನು ನಿಷೇಧಿಸಬಹುದು ಎಂದು 1997ರಲ್ಲಿ ಸುಪ್ರೀಂ ಕೋರ್ಟ್ 6–3ರಲ್ಲಿ ತೀರ್ಪು ಕೊಟ್ಟಿದೆ.

ಪ್ರಶ್ನೆ: ಯಾವ ಪಕ್ಷವೂ ಬೇಡವೆಂದು ಕ್ಯಾಲಿಫೋರ್ನಿಯಾದ ಮತದಾರರ ನೋಂದಣಿ ಅರ್ಜಿಯಲ್ಲಿ 'ಅಮೆರಿಕನ್ ಇಂಡಿಪೆಂಡೆಂಟ್' ಎಂದು ಗುರುತು ಮಾಡಿದೆ. ಪ್ರೈಮರಿಯಲ್ಲಿ (ನವೆಂಬರ್ ಚುನಾವಣೆಗೆ ಅಭ್ಯರ್ಥಿಗಳನ್ನು ಆರಿಸುವ ಮೊದಲ ಸುತ್ತಿನ ಮತದಾನದಲ್ಲಿ) ಡೆಮಾಕ್ರಟಿಕ್ ಅಧ್ಯಕ್ಷೀಯ ಮತಪತ್ರ ಕೊಡಲಿಲ್ಲ. ಯಾಕೆ?
— ಸ್ಯಾನ್ ಹೋಸೆಯ ಓದುಗರು

ಉತ್ತರ: ಅದು 'ಪಕ್ಷೇತರ' ಎಂಬ ಆಯ್ಕೆಯಲ್ಲ, ಒಂದು ಪಕ್ಷದ ಹೆಸರು. ವರ್ಣಭೇದ ನೀತಿಯನ್ನು ಸಮರ್ಥಿಸುತ್ತಿದ್ದ ಜಾರ್ಜ್ ವಾಲೇಸ್‌ಗಾಗಿ 1967ರಲ್ಲಿ ಹುಟ್ಟಿದ ಪಕ್ಷ. ನಿಮ್ಮಂತೆ ಹೆಸರು ನೋಡಿ ಮೋಸಹೋದವರು ಬಹಳ ಮಂದಿ. ನಿಮಗೆ ಬೇಕಾದದ್ದು 'ನೋ ಪಾರ್ಟಿ ಪ್ರಿಫರೆನ್ಸ್' ಎನ್ನುವ ಆಯ್ಕೆ. ಅದನ್ನು ಆರಿಸಿದವರು ಡೆಮಾಕ್ರಟಿಕ್ ಪಕ್ಷ ಅವಕಾಶ ಕೊಟ್ಟ ವರ್ಷ, ಕೇಳಿ ಆ ಮತಪತ್ರ ಪಡೆಯಬಹುದು. ಕೇಳದಿದ್ದರೆ ಅಧ್ಯಕ್ಷ ಸ್ಥಾನದ ಜಾಗವೇ ಇಲ್ಲದ ಮತಪತ್ರ ಬರುತ್ತದೆ.

ಸರಿಪಡಿಸಲು ಹೊಸದಾಗಿ ನೋಂದಣಿ ಅರ್ಜಿಯನ್ನೇ ತುಂಬಬೇಕು. ಚುನಾವಣೆಗೆ 15 ದಿನ ಮುಂಚೆ ಆನ್‌ಲೈನ್‌ನಲ್ಲಿ ಮುಗಿಸಿದರೆ ತೊಂದರೆಯಿಲ್ಲ. ನಂತರ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಜಾಲತಾಣದಲ್ಲಿ ನಿಮ್ಮ ಹೆಸರಿನ ಮುಂದೆ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿ. ಗವರ್ನರ್, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯ ಮುಂತಾದ ಹುದ್ದೆಗಳ ಪ್ರೈಮರಿಗೆ ಈ ತೊಡಕಿಲ್ಲ, ಎಲ್ಲರಿಗೂ ಒಂದೇ ಪಟ್ಟಿ. ಆದರೆ ಅಲ್ಲಿ ಮೊದಲ ಇಬ್ಬರು ಮಾತ್ರ ನವೆಂಬರ್‌ಗೆ ಹೋಗುತ್ತಾರೆ. ಆದ್ದರಿಂದ ಸಣ್ಣ ಪಕ್ಷದವರಿಗೆ ಓಟು ಹಾಕುವ ಮನಸ್ಸಿದ್ದರೆ ಪ್ರೈಮರಿಯಲ್ಲೇ ಹಾಕಿಬಿಡಿ. ನವೆಂಬರ್‌ನ ಮತಪತ್ರದಲ್ಲಿ ಅವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.